ಆ 6 ಡಿಗ್ರಿ

"ರಾಡಾರ್ ಓಡ್ತಾ ಇದೆ. ಆದ್ರೆ ಅದು ತೋರಿಸೋ ಕಡೆ ಏನೂ ಇಲ್ಲ."

ರಿಪೇರಿ ಮುಗಿಸಿ ಕೊಟ್ಟ ಐದನೇ ದಿನ ಬೋಟಿನ ಮಾಲೀಕರು ಫೋನ್ ಮಾಡಿ ಹೇಳಿದ ಮಾತಿದು. ನಾನು ಬೋಟುಗಳ ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವವನು. ರಾಡಾರ್, ಜಿಪಿಎಸ್, ವಿಎಚ್‌ಎಫ್ ರೇಡಿಯೊ, ನೀರಿನ ಆಳ ಹೇಳುವ ಸೌಂಡರ್, ಎಲ್ಲ ನನ್ನ ಕೈಗೆ ಬರುತ್ತವೆ. ದೊಡ್ಡ ಹಡಗುಗಳಲ್ಲ. ರಜೆಯಲ್ಲಿ ಮನೆಮಂದಿ ಹತ್ತಿಕೊಂಡು ಹೋಗುವ ಚಿಕ್ಕ ಬೋಟುಗಳು. ಈ ಒಂದು ರಾಡಾರ್ ನಾನು ಕೆಲಸ ಮಾಡುವ ರೀತಿಯನ್ನೇ ಬದಲಾಯಿಸಿತು. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಬೋಟ್ 9 ಮೀಟರ್ ಉದ್ದದ್ದು. ಹಿಂಬದಿಯಲ್ಲಿ ಒಂದು ಕಮಾನು, ಅದರ ಮೇಲೆ ರಾಡಾರಿನ ಆಂಟೆನಾ ಇರುವ 45 ಸೆಂ.ಮೀ. ಅಗಲದ ಬಿಳಿ ಡೋಮ್. ಒಳಗೆ ರೇಡಿಯೊ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಕೊಳವೆ ಇರುವ ಹಳೇ ಮಾದರಿ. ಮೊದಲ ದೂರು ಸರಳವಾಗಿತ್ತು: ಚಿತ್ರ ಬರುತ್ತದೆ, ಹೋಗುತ್ತದೆ. ಮಳೆ ಬಿದ್ದ ಮಾರನೇ ದಿನವಂತೂ 'ಸ್ಕ್ಯಾನರ್ ಸಿಗುತ್ತಿಲ್ಲ' ಅಂತ ಪರದೆ ಹೇಳುತ್ತದೆ.

ಮಳೆ ಜೊತೆ ಬಂದು ಬಿಸಿಲಿಗೆ ಹೋಗುವ ತೊಂದರೆ ಅಂದರೆ ಎಲ್ಲೋ ನೀರು ಕೂತಿದೆ ಅಂತಲೇ ಲೆಕ್ಕ. ಆದರೂ ನಾನು ಮೊದಲು ಹಿಡಿಯುವುದು ಮೀಟರ್. ರಾಡಾರ್ ಪೂರ್ತಿ ಓಡುತ್ತಿರುವಾಗಲೇ ವೋಲ್ಟೇಜ್ ನೋಡಬೇಕು. ಸುಮ್ನೆ ನಿಂತಿದ್ದಾಗ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಪ್ಯಾನೆಲ್ ಹತ್ತಿರ 12.6 ವೋಲ್ಟ್ ಇತ್ತು. ಡೋಮಿನ ಕನೆಕ್ಟರಿನಲ್ಲಿ 11.1. ದಾರಿಯಲ್ಲೇ ಒಂದೂವರೆ ವೋಲ್ಟ್ ಮಾಯ.

ಲೆಕ್ಕ ಹಾಕಿದೆ. ಪ್ಯಾನೆಲಿನಿಂದ ಡೋಮಿಗೆ ವೈರಿನ ದಾರಿ 15 ಮೀಟರ್, ಹೋಗಿ ಬರಲು 30 ಮೀಟರ್. ಹಾಕಿದ್ದ ವೈರ್ 1.5 ಚದರ ಮಿ.ಮೀ.ನದು. ಅಷ್ಟುದ್ದಕ್ಕೆ ಅದರ ತಡೆಯೇ ಸುಮಾರು 0.35 ಓಮ್. ಮೂರೂವರೆ ಆಂಪಿಯರ್ ಎಳೆದರೆ 1.2 ವೋಲ್ಟ್ ವೈರೇ ನುಂಗುತ್ತದೆ. ಉಳಿದದ್ದನ್ನು ಕನೆಕ್ಟರ್ ನುಂಗುತ್ತಿತ್ತು. ಅದನ್ನು ಬಿಚ್ಚಿದಾಗ ಪಿನ್ನುಗಳ ಸುತ್ತ ಹಸಿರು ಕಿಲುಬು, ಉಗುರಿನಲ್ಲಿ ಕೆರೆದರೆ ಪುಡಿಯಾಗಿ ಉದುರುವಷ್ಟು.

ಡೋಮ್ ತೆರೆಯುವ ಮೊದಲು ನಾನು ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಬ್ರೇಕರ್ ಆರಿಸಿ, ಫ್ಯೂಸ್ ಕಿತ್ತು ನನ್ನ ಜೇಬಿಗೆ ಹಾಕಿಕೊಳ್ಳುತ್ತೇನೆ. ನಾನು ಕಮಾನಿನ ಮೇಲೆ ಇರುವಾಗ ಕೆಳಗೆ ಯಾರಾದರೂ ಬಂದು ಬಟನ್ ಒತ್ತಿದರೆ ಆಂಟೆನಾ ನನ್ನ ಮುಖದೆದುರೇ ತಿರುಗಲು ಶುರು ಮಾಡುತ್ತದೆ. ಫ್ಯೂಸ್ ನನ್ನ ಜೇಬಲ್ಲಿದ್ದರೆ ಆ ಭಯ ಇಲ್ಲ. ಮ್ಯಾಗ್ನೆಟ್ರಾನಿಗೆ ಹೋಗುವ ವೋಲ್ಟೇಜ್ ಸಾವಿರಗಳ ಲೆಕ್ಕದ್ದು. ಕರೆಂಟ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಅದು ಸ್ವಲ್ಪ ಹೊತ್ತು ಕೂತಿರುತ್ತದೆ. ಕಾಯಬೇಕು, ಮೀಟರ್ ಇಟ್ಟು ನೋಡಬೇಕು, ಆಮೇಲೆ ಕೈ ಹಾಕಬೇಕು. ಇನ್ನೊಂದು ಮಾತು. ಮ್ಯಾಗ್ನೆಟ್ರಾನಿನಲ್ಲಿ ಬಲವಾದ ಆಯಸ್ಕಾಂತ ಇರುತ್ತದೆ. ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ಹೋದರೆ ಕೈಯಿಂದ ಕಿತ್ತುಕೊಂಡು ಹೋಗಿ ಬಡಿಯುತ್ತದೆ, ಆಯಸ್ಕಾಂತದ ಶಕ್ತಿಯೂ ಕುಂದಬಹುದು. ಅದರ ಹತ್ತಿರದ ಕೆಲಸಕ್ಕೆ ಹಿತ್ತಾಳೆಯ ಸ್ಕ್ರೂಡ್ರೈವರ್ ಇಟ್ಟಿದ್ದೇನೆ. ಕೈಗಡಿಯಾರವನ್ನೂ ಬಿಚ್ಚಿಡುತ್ತೇನೆ.

ಮುಚ್ಚಳ ಎತ್ತಿದೆ. ಕೆಳಗಿನ ತಟ್ಟೆಯಲ್ಲಿ ಒಂದು ಲೋಟದಷ್ಟು ನೀರು. ನೀರು ತಡೆಯುವ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಮಾತ್ರ ಚೆನ್ನಾಗೇ ಇತ್ತು. ಎಲ್ಲೂ ಬಿರುಕಿಲ್ಲ, ಒತ್ತಿದರೆ ಮೆತ್ತಗಿದೆ. ಹಾಗಾದರೆ ನೀರು ಎಲ್ಲಿಂದ ಬಂತು?

ಡೋಮ್ ಉಸಿರಾಡುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಕಾದು ಹಿಗ್ಗಿ ಹೊರಗೆ ಹೋಗುತ್ತದೆ. ಸಂಜೆ ತಣ್ಣಗಾದಾಗ ಅಥವಾ ಮಳೆ ಸುರಿದಾಗ ಹೊರಗಿನ ಒದ್ದೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ತೇವ ಒಳಗೆ ಹನಿಯಾಗಿ ಕೂರುತ್ತದೆ. ತಯಾರಕರಿಗೆ ಇದು ಗೊತ್ತು. ಅದಕ್ಕೇ ತಳದಲ್ಲಿ ನೀರು ಬಸಿಯಲು ಚಿಕ್ಕ ತೂತು ಬಿಟ್ಟಿರುತ್ತಾರೆ. ಈ ಡೋಮನ್ನು ಹಿಂದೆ ಕೂರಿಸಿದವರು ತಳದ ಸುತ್ತ ದಪ್ಪಗೆ ಸಿಲಿಕೋನ್ ಬಳಿದು ಆ ತೂತನ್ನೂ ಮುಚ್ಚಿದ್ದರು. ನೀರು ಬರಬಾರದು ಅಂತಲೇ ಮಾಡಿದ್ದು. ಆದರೆ ಒಳಗಿದ್ದ ನೀರಿಗೆ ಹೋಗಲು ದಾರಿಯೇ ಇಲ್ಲದಂತಾಯಿತು. ಅದೇ ಸಿಲಿಕೋನನ್ನು ಕನೆಕ್ಟರಿಗೂ ಮೆತ್ತಿದ್ದರು. ಒಣಗುವಾಗ ವಿನೆಗರ್ ವಾಸನೆ ಬರುತ್ತದಲ್ವಾ, ಆ ಥರದ ಸಿಲಿಕೋನ್ ಹುಳಿ ಬಿಡುತ್ತದೆ, ತಾಮ್ರವನ್ನು ತಿನ್ನುತ್ತದೆ. ವೈರಿನ ಹತ್ತಿರ ಅದನ್ನು ಬಳಸಲೇಬಾರದು.

ರಿಪೇರಿ ಕಷ್ಟದ್ದಾಗಿರಲಿಲ್ಲ. ಬೋರ್ಡುಗಳನ್ನು ತೊಳೆದು ಒಣಗಿಸಿದೆ. ಹೊಸ ಕನೆಕ್ಟರ್, ಆಂಟೆನಾ ತಿರುಗಿಸುವ ಹೊಸ ಬೆಲ್ಟ್ ಹಾಕಿದೆ. ತೆಗೆದ ಮೇಲೆ ಗ್ಯಾಸ್ಕೆಟ್ ಬದಲಾಯಿಸುವುದೇ ಒಳ್ಳೆಯದು ಅಂತ ಅದನ್ನೂ ಹಾಕಿದೆ. ಬಸಿಯುವ ತೂತು ಬಿಡಿಸಿದೆ. 6 ಚದರ ಮಿ.ಮೀ. ವೈರ್ ಎಳೆದೆ. ಮೇಲೆ ಹತ್ತುವ ವೋಲ್ಟೇಜ್ ಈಗ 12.3.

ಕೂರಿಸುವುದೇ ದೊಡ್ಡ ಕೆಲಸ ಆಯಿತು. ಕಮಾನಿನ ಮೇಲಿದ್ದ ಅಲ್ಯೂಮಿನಿಯಂ ಪ್ಲೇಟಿಗೆ ಸ್ಟೇನ್‌ಲೆಸ್ ಬೋಲ್ಟುಗಳನ್ನು ಹಾಗೇ ಹಾಕಿದ್ದರು. ಉಪ್ಪು ನೀರು ಬಿದ್ದರೆ ಈ ಎರಡು ಲೋಹಗಳ ನಡುವೆ ಬ್ಯಾಟರಿಯಂತೆ ಕರೆಂಟ್ ಹರಿಯುತ್ತದೆ, ಸೋಲುವುದು ಅಲ್ಯೂಮಿನಿಯಂ. ಬೋಲ್ಟಿನ ಸುತ್ತ ಬಿಳಿ ಪುಡಿ, ತೂತುಗಳು ಅಗಲವಾಗಿ ಸಡಿಲ. ಹೊಸ ಪ್ಲೇಟ್ ಮಾಡಿಸಿದೆ. ಬೋಟಿನ ನಡುಗೆರೆಗೆ ದಾರ ಕಟ್ಟಿ, ಅದಕ್ಕೆ ಸರಿಯಾಗಿ ತೂತುಗಳ ಗುರುತು ಹಾಕಿದೆ. ಎರಡು ಲೋಹ ತಾಗದಂತೆ ಪೇಸ್ಟ್ ಹಚ್ಚಿದೆ. ಬೋಲ್ಟಿನ ಉದ್ದ ಎರಡು ಸಲ ಅಳೆದೆ. ಜಾಸ್ತಿ ಉದ್ದವಾದರೆ ಅದು ಡೋಮಿನ ತಳ ತೂತು ಮಾಡಿ ಒಳಗೆ ನುಗ್ಗುತ್ತದೆ. ಈ ಬೋಟ್ ವೇಗ ಹಿಡಿದಾಗ ಮೂತಿ ನಾಲ್ಕೈದು ಡಿಗ್ರಿ ಮೇಲೇಳುತ್ತದೆ. ಹಾಗಾಗಿ ಡೋಮಿನ ಮುಂಭಾಗ ಸ್ವಲ್ಪ ಕೆಳಗೆ ಬಾಗುವಂತೆ ಅಡಿಯಲ್ಲಿ ಆಪು ಕೊಟ್ಟೆ. ರಾಡಾರ್ ಕಿರಣ ಮೇಲೆ ಕೆಳಗೆ ಒಟ್ಟು 25 ಡಿಗ್ರಿಯಷ್ಟು ಹರಡುತ್ತದೆ. ಆದರೂ ಅದರ ಬಲವೆಲ್ಲ ನಡುವಲ್ಲೇ. ಆ ನಡುಭಾಗ ನೀರಿನ ಮೇಲೆ ಓಡಬೇಕು, ಆಕಾಶಕ್ಕಲ್ಲ.

ಫ್ಯೂಸ್ ವಾಪಸ್ ಹಾಕಿ, ಧಕ್ಕೆಯಲ್ಲೇ ನಿಂತು ಆನ್ ಮಾಡಿದೆ. ಮ್ಯಾಗ್ನೆಟ್ರಾನ್ ಬಿಸಿಯಾಗಲು ಒಂದೂವರೆ ನಿಮಿಷ. ಆಮೇಲೆ ಚಿತ್ರ ಬಂತು. ಸುತ್ತಲಿನ ಬೋಟುಗಳು, ದಡ, ಅಲೆತಡೆ ಗೋಡೆ, ಎಲ್ಲ ಗಟ್ಟಿಯಾಗಿ. ಮಾಲೀಕರಿಗೆ ಖುಷಿ. ನನಗೂ ಖುಷಿ, ಯಾಕೆಂದರೆ ಪ್ಲೇಟ್ ಅಷ್ಟು ನೇರವಾಗಿ ಕೂತಿತ್ತು. ಬಿಲ್ ಬರೆದುಕೊಟ್ಟು ಹೊರಟೆ. ನನ್ನ ತಪ್ಪು ಅಲ್ಲೇ ಆಗಿದ್ದು. ಬೋಟ್ ನೀರಿಗೆ ಇಳಿದು ಒಂದು ಮೈಲಿಯೂ ಓಡಿರಲಿಲ್ಲ.

ಐದನೇ ದಿನ ಬೆಳಿಗ್ಗೆ ಅವರು ಮಂಜಿನಲ್ಲಿ ಹೊರಟಿದ್ದಾರೆ. ದಾರಿ ಗುರುತಿಗೆ ಲಂಗರು ಹಾಕಿ ಬಿಟ್ಟ ತೇಲುಬುರುಡೆ ಪರದೆಯಲ್ಲಿ ಸ್ವಲ್ಪ ಎಡಕ್ಕೆ ಕಂಡಿದೆ. ಅದು ಮೂತಿಯ ನೇರಕ್ಕೆ ಬರಲಿ ಅಂತ ಎಡಕ್ಕೆ ತಿರುಗಿಸಿದ್ದಾರೆ. ಹತ್ತಿರ ಹೋದ ಹಾಗೆ ಮಂಜಿನ ನಡುವೆ ತೇಲುಬುರುಡೆ ಕಣ್ಣಿಗೆ ಬಿದ್ದಿದ್ದು ಬಲಗಡೆ. ತಕ್ಷಣ ವೇಗ ಇಳಿಸಿ ವಾಪಸ್ ಬಂದಿದ್ದಾರೆ. ಬೋಟಿನಲ್ಲಿ ಅವರ ಮಗಳೂ ಇದ್ದಳು.

ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು 1972ರ ಅಂತರರಾಷ್ಟ್ರೀಯ ನಿಯಮಗಳಿವೆ. ಅದರ 7ನೇ ನಿಯಮದ ಪ್ರಕಾರ ರಾಡಾರ್ ಇದ್ದು ಅದು ಕೆಲಸ ಮಾಡುತ್ತಿದ್ದರೆ ಅದನ್ನು ಸರಿಯಾಗಿ ಬಳಸಲೇಬೇಕು. ಅರೆಬರೆ ರಾಡಾರ್ ಮಾಹಿತಿ ನಂಬಿ ಊಹೆ ಮಾಡಬಾರದು ಅಂತಲೂ ಅದೇ ನಿಯಮ ಹೇಳುತ್ತದೆ. ಅಂದರೆ "ಸರಿಯಾಗಿದೆ" ಅಂತ ನಾನು ಬಿಲ್ಲಿನಲ್ಲಿ ಬರೆದ ಆ ಒಂದು ಪದದ ಮೇಲೆ ಅವರು ಮಂಜಿನಲ್ಲಿ ಬೋಟ್ ಓಡಿಸುತ್ತಾರೆ. ಕೆಟ್ಟು ಕೂತ ರಾಡಾರ್ ಆಗಿದ್ದರೆ ಅವತ್ತು ಅವರು ಹೊರಡುತ್ತಲೇ ಇರಲಿಲ್ಲ.

ಮಾರನೇ ದಿನ ಜೊತೆಯಲ್ಲಿ ಹೋದೆ. ದಿಕ್ಸೂಚಿ ಕೆಟ್ಟಿರಬೇಕು ಅನ್ನುವುದು ಅವರ ಅನುಮಾನ. ತಪ್ಪು ರಾಡಾರಿನದೋ ದಿಕ್ಸೂಚಿಯದೋ ಅಂತ ಬೇರೆ ಮಾಡಿ ನೋಡಲು ಸುಲಭದ ದಾರಿ ಇದೆ. ಆಕಾಶ ತಿಳಿಯಾಗಿದ್ದಾಗ ಸುಮಾರು ಒಂದು ನಾಟಿಕಲ್ ಮೈಲಿ (1852 ಮೀಟರ್) ದೂರದಲ್ಲಿ ಒಂಟಿಯಾಗಿರುವ ಚಿಕ್ಕ ಗುರುತು ಆರಿಸಿಕೊಳ್ಳಬೇಕು. ಬೋಟಿನ ಮೂತಿಯನ್ನು ಕಣ್ಣಲ್ಲೇ ಅದಕ್ಕೆ ನೇರ ಹಿಡಿಯಬೇಕು. ಪರದೆಯಲ್ಲಿ ಮೂತಿ ಯಾವಾಗಲೂ ಮೇಲಿರುವ ಹಾಗೆ ಇಟ್ಟುಕೊಂಡರೆ ದಿಕ್ಸೂಚಿಗೂ ಆ ಚಿತ್ರಕ್ಕೂ ಸಂಬಂಧವೇ ಇರುವುದಿಲ್ಲ. ಗುರುತು ನಡುಗೆರೆಯ ಮೇಲೆ ಕೂತರೆ ರಾಡಾರ್ ಸರಿ. ಹಾಗೆ ಸರಿಯಿದ್ದೂ ನಕ್ಷೆಯ ಮೇಲೆ ಹಾಸಿದಾಗ ಚಿತ್ರ ತಿರುಗಿ ಕೂತರೆ ತಪ್ಪು ದಿಕ್ಸೂಚಿಯದು.

ನಮ್ಮದು ಗೆರೆಯ ಮೇಲೆ ಕೂರಲಿಲ್ಲ. ಎಡಕ್ಕೆ 6 ಡಿಗ್ರಿ. ಮತ್ತೆ ಮತ್ತೆ ಮೂತಿ ಹಿಡಿದು ನೋಡಿದೆವು, ಅದೇ 6. ಕೇಳಲು ಚಿಕ್ಕದು. ಒಂದು ನಾಟಿಕಲ್ ಮೈಲಿ ದೂರದಲ್ಲಿ ಅದು 190 ಮೀಟರಿಗಿಂತ ಜಾಸ್ತಿ. ಕಿರಿದಾದ ಕಾಲುವೆ ಬಾಯಿಯಲ್ಲಿ ಬೋಟನ್ನು ಬಂಡೆಗೆ ಏರಿಸಲು ಅಷ್ಟು ಸಾಕು.

ನೇರವಾಗಿ ಕೂರಿಸಿದ್ದು ಹೇಗೆ ತಪ್ಪಾಯಿತು? ಮೆನುವಿನಲ್ಲಿ ದಿಕ್ಕು ಹೊಂದಿಸುವ ಪುಟ ತೆರೆದೆ. ಅಲ್ಲಿ 0 ಇರಲಿಲ್ಲ. ಎಡಕ್ಕೆ 6 ಅಂತ ಮೊದಲೇ ಹಾಕಿಟ್ಟಿದ್ದರು. ಅವತ್ತು ಸಂಜೆ ಗುಜರಿ ಮೂಲೆಯಿಂದ ಹಳೇ ಪ್ಲೇಟ್ ಹುಡುಕಿ ತಂದು ಮೇಜಿನ ಮೇಲಿಟ್ಟೆ. ಅಂಚಿಗೆ ಮೂಲೆಮಟ್ಟ ಹಿಡಿದರೆ ನಾಲ್ಕೂ ತೂತು ಒಂದೇ ಕಡೆ ಓರೆ. ಡೋಮಿನ ಅಂಚಿನಲ್ಲಿ ಲೆಕ್ಕ ಹಾಕಿದರೆ ಎರಡೂಕಾಲು ಸೆಂಟಿಮೀಟರಿನಷ್ಟು. ಹಿಂದೆ ಕೂರಿಸಿದವರಿಗೆ ಪ್ಲೇಟ್ ಓರೆಯಾಗಿದ್ದು ಗೊತ್ತಾಗಿತ್ತು. ನೀರಿಗೆ ಹೋಗಿ ನೋಡಿ, ಮೆನುವಿನಲ್ಲಿ ಸರಿಪಡಿಸಿದ್ದರು. ಸಿಲಿಕೋನ್ ನೋಡಿ ನಾನು ಅವರ ಬಗ್ಗೆ ಬೇಸರ ಮಾಡಿಕೊಂಡಿದ್ದೆ. ಆದರೆ ನಾನು ಮಾಡದೇ ಬಿಟ್ಟ ಕೆಲಸವನ್ನು ಅವರು ಮಾಡಿದ್ದರು. ನಾನು ಪ್ಲೇಟನ್ನು ನೇರ ಮಾಡಿ, ಅವರ ಲೆಕ್ಕವನ್ನು ಹಾಗೇ ಒಳಗೆ ಬಿಟ್ಟಿದ್ದೆ.

ಈಗ ಒಂದು ಸ್ಕ್ರೂ ಮುಟ್ಟುವ ಮೊದಲೇ ಮೆನುವಿನ ಪ್ರತಿ ಪುಟದ ಫೋಟೊ ತೆಗೆಯುತ್ತೇನೆ. ದಿಕ್ಕು, ಟೈಮಿಂಗ್, ಟ್ಯೂನಿಂಗ್, ಆಂಟೆನಾ ಎತ್ತರ, ಎಲ್ಲ. ಕೆಲಸ ಮುಗಿದ ಮೇಲೆ ಮಾಲೀಕರ ಜೊತೆ ನೀರಿಗೆ ಹೋಗದೆ ಬಿಲ್ ಬರೆಯುವುದಿಲ್ಲ. ಅಲೆ ಜೋರಿದ್ದರೆ ಇನ್ನೊಂದು ದಿನ ಅಂತ ಹೇಳಿ ಬರುತ್ತೇನೆ. ಕೆಲವರಿಗೆ ಇದು ಕಿರಿಕಿರಿ. ಇರಲಿ.

ಟೈಮಿಂಗ್ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಇದನ್ನು ಬಿಡುವವರೇ ಜಾಸ್ತಿ. ರಾಡಾರಿನ ರೇಡಿಯೊ ಅಲೆ ಹೋಗಿ ಒಂದು ನಾಟಿಕಲ್ ಮೈಲಿ ದೂರದಿಂದ ತಿರುಗಿ ಬರಲು 12.35 ಮೈಕ್ರೋಸೆಕೆಂಡ್ ಬೇಕು. ಹೊರಟ ಕ್ಷಣದ ಎಣಿಕೆ 0.1 ಮೈಕ್ರೋಸೆಕೆಂಡ್ ತಪ್ಪಿದರೂ ಎಲ್ಲ ದೂರಗಳಲ್ಲೂ 15 ಮೀಟರ್ ವ್ಯತ್ಯಾಸ. ಡೋಮಿನ ಕೇಬಲ್ ಉದ್ದ ಬದಲಾದರೆ ಈ ಎಣಿಕೆ ಬದಲಾಗಬಹುದು. ಇದನ್ನು ಕಂಡುಹಿಡಿಯಲು ಉಪಕರಣ ಬೇಡ, ಒಂದು ನೇರವಾದ ಗೋಡೆ ಸಾಕು. ಅತಿ ಹತ್ತಿರದ ರೇಂಜ್ ಹಾಕಿ ಗೋಡೆಗೆ ಸಮನಾಗಿ ನಿಧಾನ ಹೋಗಬೇಕು. ಪರದೆಯಲ್ಲಿ ಗೋಡೆ ನೇರ ಕಂಡರೆ ಸರಿ. ಅದರ ನಡುಭಾಗ ನಮ್ಮಿಂದ ಆಚೆಗೆ ಉಬ್ಬಿದ್ದರೆ ರಾಡಾರ್ ದೂರವನ್ನು ಜಾಸ್ತಿ ತೋರಿಸುತ್ತಿದೆ. ನಮ್ಮ ಕಡೆಗೆ ಬಾಗಿದ್ದರೆ ಕಡಿಮೆ ತೋರಿಸುತ್ತಿದೆ.

ಆ ಬೋಟಿನಲ್ಲಿ ದಿಕ್ಕನ್ನು 0ಗೆ ತಂದ ಮೇಲೆ ಅಲೆತಡೆ ಗೋಡೆಯ ಪಕ್ಕ ಹೋದೆವು. ಗೋಡೆ ನಡುವಲ್ಲಿ ಸ್ವಲ್ಪ ಆಚೆಗೆ ಉಬ್ಬಿತ್ತು. ಒಂದೊಂದೇ ಹೆಜ್ಜೆ ಟೈಮಿಂಗ್ ಇಳಿಸಿದೆ. ಮಾಲೀಕರು ಸ್ಟೀರಿಂಗ್ ಹಿಡಿದು ಒಮ್ಮೆ ಗೋಡೆ, ಒಮ್ಮೆ ಪರದೆ ನೋಡುತ್ತಿದ್ದರು. "ಈಗ ನೇರ ಆಯ್ತು" ಅಂತ ನನಗಿಂತ ಮೊದಲು ಹೇಳಿದ್ದು ಅವರೇ. ಆಮೇಲೆ ಮತ್ತೆ ಅದೇ ತೇಲುಬುರುಡೆಗೆ ಮೂತಿ ಹಿಡಿದರು. ಅದು ಗೆರೆಯ ಮೇಲೆ ಕೂತು, ಹತ್ತಿರ ಬರುವ ತನಕ ಗೆರೆ ಬಿಡಲಿಲ್ಲ.

ಧಕ್ಕೆಗೆ ಬಂದ ಮೇಲೆ ಒಂದು ಚೀಟಿ ಬರೆದು ಪ್ಯಾನೆಲ್ ಬಾಗಿಲಿನ ಒಳಗಡೆ ಅಂಟಿಸಿದೆ. ಹೊಸ ಪ್ಲೇಟ್ ಹಾಕಿದ ತಾರೀಖು, ದಿಕ್ಕು 0, ಟೈಮಿಂಗಿನ ಸಂಖ್ಯೆ, ತಳದ ತೂತು ಮುಚ್ಚಬೇಡಿ ಅಂತ. ನನ್ನ ನಂತರ ಆ ಡೋಮ್ ಬಿಚ್ಚುವವರು ಯಾರೋ ಗೊತ್ತಿಲ್ಲ. ಅವರ ಕಣ್ಣಿಗೆ ಬೀಳುವ ಹಾಗೆ ಫ್ಯೂಸಿನ ಪಕ್ಕದಲ್ಲೇ ಅಂಟಿಸಿದ್ದೇನೆ.