ಹೆಬ್ಬಾತು ರಾತ್ರಿಯೇ ಯಾಕೆ ಹಾರುತ್ತದೆ?

"ಗದ್ಯದಾಗ ಉತ್ತರಾನ ಇಲ್ರೀ ಸರ್."

ಎಂಟನೇ ತರಗತಿಯ ಮಕ್ಕಳು ಹೀಗೆ ತಕರಾರು ತೆಗೆದದ್ದು ಹಕ್ಕಿಗಳ ಹಾರಾಟದ ಮೇಲಿದ್ದ ಅರ್ಧ ಪುಟದ ಗದ್ಯಭಾಗಕ್ಕೆ. ಪಟ್ಟೆತಲೆ ಹೆಬ್ಬಾತಿನ ವಿಷಯ ಅಂತ ಬೇಕೆಂದೇ ಆರಿಸಿದ್ದೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಹಕ್ಕಿ ಅದು. 2024ರಲ್ಲಿ ಕೆರೆ ಜಗತ್ತಿನ ಮಹತ್ವದ ಕೆರೆ, ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲಂತೂ ಮಕ್ಕಳಿಗೆ ಅದು ನಮ್ಮದು ಅನ್ನೋ ಹೆಮ್ಮೆ ಜಾಸ್ತಿ.

ಗದ್ಯದಲ್ಲಿ ಹೀಗಿತ್ತು: ಹಕ್ಕಿ ರೆಕ್ಕೆಯಿಂದ ಗಾಳಿಯನ್ನು ಕೆಳಕ್ಕೆ ತಳ್ಳಿ ಮೇಲೇಳುತ್ತದೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳ್ಳಗಾಗುತ್ತದೆ. ತಣ್ಣನೆಯ ಗಾಳಿ ಬೆಚ್ಚನೆಯ ಗಾಳಿಗಿಂತ ದಟ್ಟ. ಹೆಬ್ಬಾತುಗಳು ಹಿಮಾಲಯವನ್ನು ಹೆಚ್ಚಾಗಿ ರಾತ್ರಿ, ನಸುಕಿನಲ್ಲಿ ದಾಟುತ್ತವೆ.

ಪ್ರಶ್ನೆ: ಯಾಕೆ ರಾತ್ರಿ?

'ಯಾಕೆಂದರೆ' ಅಂತ ಶುರುವಾಗುವ ಸಾಲು ಅಲ್ಲಿ ಇರಲಿಲ್ಲ. ಮಕ್ಕಳು ಹುಡುಕಿದ್ದು ಅದನ್ನೇ. ಒಬ್ಬ 'ಬೇಟೆಗಾರರ ಭಯ' ಅಂತ ಬರೆದ. ಇನ್ನೊಬ್ಬಳು 'ಬಿಸಿಲು ತಾಗುವುದಿಲ್ಲ' ಅಂದಳು. ನಾನು ಉತ್ತರ ಹೇಳಲಿಲ್ಲ. ಎರಡು ಬೆರಳನ್ನು ಎರಡು ಸಾಲಿನ ಮೇಲೆ ಇಡಿ, ಎರಡೂ ಸೇರಿದರೆ ಏನಾಗುತ್ತೆ ಹೇಳಿ ಅಂದೆ. ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ಹಿಂದಿನ ಬೆಂಚಿನಿಂದ, "ರಾತ್ರಿ ತಂಪ ಇರ್ತದ, ಗಾಳಿ ದಟ್ಟ ಆಗ್ತದ, ರೆಕ್ಕಿಗೆ ತಳ್ಳಾಕ ಜಾಸ್ತಿ ಗಾಳಿ ಸಿಗ್ತದ್ರೀ!"

ರಾತ್ರಿ ತಂಪು ಅನ್ನೋದನ್ನು ಗದ್ಯ ಹೇಳಿರಲಿಲ್ಲ. ಅದು ಎಲ್ಲರಿಗೂ ಗೊತ್ತು ಅಂತ ಬರೆದವರು ಬಿಟ್ಟಿದ್ದರು. ಅಷ್ಟನ್ನು ಓದುವವರೇ ತುಂಬಿಕೊಳ್ಳಬೇಕು.

ಎರಡನೆಯ ಪ್ರಶ್ನೆ ನನಗೆ ಇನ್ನೂ ಇಷ್ಟ. ಈ ಹಕ್ಕಿಗಳು ಒಮ್ಮೆ ಏರಿದ ಎತ್ತರದಲ್ಲೇ ಉಳಿಯುವುದಿಲ್ಲ. ಬೆಟ್ಟ ಬಂದರೆ ಏರುತ್ತವೆ, ಕಣಿವೆ ಬಂದರೆ ಇಳಿಯುತ್ತವೆ. ಮಂಗೋಲಿಯಾದಲ್ಲಿ ಹಕ್ಕಿಗಳ ಮೈಯೊಳಗೆ ಪುಟ್ಟ ಉಪಕರಣ ಇಟ್ಟು ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತು. ಕಷ್ಟಪಟ್ಟು ಏರಿ ಮತ್ತೆ ಇಳಿಯುವುದು ನಷ್ಟ ಅಲ್ವಾ? ಈ ಸಲ ಮಕ್ಕಳು ಕೇಳದೆಯೇ ಬೆರಳಿಟ್ಟರು. ತೆಳ್ಳನೆಯ ಗಾಳಿಯಲ್ಲಿ ಉಳಿಯುವುದೇ ಹೆಚ್ಚು ಕಷ್ಟ.

ಜಗಳ ಹತ್ತಿದ್ದು ಕೊನೆಯ ಪ್ರಶ್ನೆಗೆ. ಗದ್ಯದಿಂದ ಯಾವುದನ್ನು ಹೇಳಲು ಬರುವುದಿಲ್ಲ? 'ಹೆಬ್ಬಾತಿಗೆ ಕತ್ತಲಲ್ಲಿ ಚೆನ್ನಾಗಿ ಕಣ್ಣು ಕಾಣುತ್ತದೆ' ಅನ್ನೋದು ಸರಿಯುತ್ತರ. ಕೆರೆ ಹತ್ತಿರ ಹೊಲ ಇರುವ ಹುಡುಗ ಒಪ್ಪಲಿಲ್ಲ. "ಹಗಲೆಲ್ಲ ಕೆರ್ಯಾಗ ಇದ್ದು ರಾತ್ರಿ ನಮ್ಮ ಹೊಲಕ್ಕ ಮೇಯಾಕ ಬರ್ತಾವ್ರೀ. ಕಣ್ಣು ಕಾಣದ ಬರ್ತಾವೇನ್ರೀ?"

ಅವನ ತರ್ಕ ಗಟ್ಟಿಯಾಗಿಯೇ ಇತ್ತು. ಆದರೆ ಅವನ ಆಧಾರ ಹೊಲದಲ್ಲಿತ್ತು, ಗದ್ಯದಲ್ಲಿ ಇರಲಿಲ್ಲ. ಅಂಥ ಮಗುವಿಗೆ ಸುಮ್ನೆ 'ತಪ್ಪು' ಅಂತ ಗೀಟು ಎಳೆಯುವುದು ಅನ್ಯಾಯ ಅಂತ ನಾನು ನಂಬುತ್ತೇನೆ. ಬೋರ್ಡಿನ ಮೇಲೆ ಎರಡು ಕಾಲಂ ಹಾಕಿದೆ: ಗದ್ಯ ಹೇಳಿದ್ದು, ನಾನು ಕಂಡದ್ದು. ಅವನ ಮಾತನ್ನು ಅವನ ಕೈಯಿಂದಲೇ ಎರಡನೆಯ ಕಾಲಮಿನಲ್ಲಿ ಬರೆಸಿದೆ. ಗದ್ಯದಲ್ಲಿ ಹುಡುಕಿ ನೋಡಿ, ಕಣ್ಣಿನ ಮಾತೇ ಇಲ್ಲ ಅಂತ ಅವನೇ ಒಪ್ಪಿದ.

ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಎರಡನೆಯ ಕಾಲಮಿಗೆ ಜಾಗ ಇಲ್ಲ. ನನ್ನ ತರಗತಿಯ ಹಾಳೆಗಳಲ್ಲಿ ಈಗ ಅದಕ್ಕೆ ಜಾಗ ಬಿಡುತ್ತೇನೆ.