ಅಮ್ಮ ಎಣಿಸುತ್ತಿದ್ದ ಚೀಲಗಳು

ರೈಲಿನಿಂದ ಇಳಿದ ಕೂಡಲೇ ಅಮ್ಮ ಎಣಿಸೋಕೆ ಶುರು ಮಾಡುತ್ತಿದ್ದಳು. ಒಂದೊಂದು ಚೀಲವನ್ನೂ ಬೆರಳಿನಿಂದ ಮುಟ್ಟಿ ಒಂದು, ಎರಡು, ಮೂರು, ನಾಲ್ಕು. ಐದು ಅಂದರೆ ನೀರಿನ ಕ್ಯಾನು. ಆರಕ್ಕೆ ಅಣ್ಣನ ತಲೆ, ಏಳಕ್ಕೆ ನನ್ನ ತಲೆ. ಅಷ್ಟರಲ್ಲಿ ಅಪ್ಪ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಯಾರನ್ನೋ ಮಾತಾಡಿಸುತ್ತಾ ನಿಂತಿರುತ್ತಿದ್ದರು. ಮುಂದಿನ ಬಸ್ಸು ಎಷ್ಟು ಹೊತ್ತಿಗೆ, ಈ ಹೊಳೆ ಎಲ್ಲಿ ಹುಟ್ಟುತ್ತೆ, ಆ ಬೆಟ್ಟದ ಹಿಂದೆ ಏನಿದೆ. ಊರು ಸೇರಿ ಐದು ನಿಮಿಷ ಆಗಿರುವುದಿಲ್ಲ, ಅಪ್ಪನಿಗೆ ಆಗಲೇ ಅದರ ಆಚೆಗಿನ ಊರು ಬೇಕು.

ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು ಅಂತಾರಲ್ಲ, ಅಂಥವರು. ದುಡ್ಡು ಜಾಸ್ತಿ ಇರಲಿಲ್ಲ. ಇದ್ದಷ್ಟರಲ್ಲೇ ವರ್ಷವಿಡೀ ಕೂಡಿಟ್ಟು, ರಜೆ ಬಂದ ಮರುದಿನವೇ ನಮ್ಮನ್ನೆಲ್ಲ ಎಬ್ಬಿಸಿ ಹೊರಡಿಸುತ್ತಿದ್ದರು. ರಾತ್ರಿ ಮಲಗುವ ಮುಂಚೆ ಅವರು ಓದುತ್ತಿದ್ದದ್ದು ರೈಲಿನ ವೇಳಾಪಟ್ಟಿ. ಸುಮ್ನೆ, ಎಲ್ಲಿಗೂ ಹೋಗುವುದಿಲ್ಲದಿದ್ದರೂ. ಇಲ್ಲಿ ಹನ್ನೊಂದು ನಿಮಿಷ ನಿಲ್ಲುತ್ತೆ, ಯಾಕಿರಬಹುದು ಹೇಳು, ಅಂತ ನಿದ್ದೆಗಣ್ಣಿನಲ್ಲಿದ್ದ ನನ್ನನ್ನು ಕೇಳುತ್ತಿದ್ದರು.

ಅವರ ಹತ್ತಿರ ಒಂದು ಭೂಪಟ ಇತ್ತು. ಮಡಿಚಿ ಮಡಿಚಿ ಗೆರೆಗೆ ಗೆರೆಯೇ ಹರಿದು, ಹಿಂದಿನಿಂದ ಟೇಪು ಅಂಟಿಸಿದ್ದರು. ಆ ಟೇಪು ಹಳದಿಯಾಗಿ ಗಟ್ಟಿಯಾಗಿ, ಬಿಚ್ಚುವಾಗ ಚಟಪಟ ಸದ್ದು ಮಾಡುತ್ತಿತ್ತು. ಹೋಗಿ ಬಂದ ದಾರಿಗೆ ಕೆಂಪು ಪೆನ್ಸಿಲ್ಲು, ಹೋಗಬೇಕಾದ ದಾರಿಗೆ ನೀಲಿ. ನಾಲ್ಕು ಮಡಿಕೆ ಕೂಡುವ ಕಡೆ ತೂತು ಬಿದ್ದು ಒಂದು ಊರೇ ಮಾಯವಾಗಿತ್ತು. ನಾವು ಆ ಊರಿಗೂ ಹೋಗಿ ಬಂದೆವು. ಬಂದ ಮೇಲೆ ಅಪ್ಪ ತೂತಿನ ಸುತ್ತ ಕೆಂಪು ಗೆರೆ ಎಳೆದರು.

ನಾನು ಇವತ್ತು ಹೇಗಿದ್ದೇನೋ ಅದರಲ್ಲಿ ಅರ್ಧ ಆ ಪ್ರಯಾಣಗಳಿಂದ ಬಂದದ್ದು. ಯಾವ ಯಾವ ಊರು ನೋಡಿದೆ ಅನ್ನುವುದು ಈಗ ಕಲಸಿಹೋಗಿದೆ, ಎಷ್ಟೋ ಗೋಪುರ, ಎಷ್ಟೋ ಜಲಪಾತ ಒಂದರ ಮೇಲೊಂದು ಬಿದ್ದು ಯಾವುದು ಎಲ್ಲಿಯದು ಗೊತ್ತಾಗುವುದಿಲ್ಲ. ಉಳಿದದ್ದು ಅಭ್ಯಾಸಗಳು. ಗೊತ್ತಿಲ್ಲದವರ ಹತ್ತಿರ ಹೋಗಿ ದಾರಿ ಕೇಳೋಕೆ ನನಗೆ ಸಂಕೋಚ ಇಲ್ಲ. ಕಾಯುವುದು ಅಂದರೆ ಸಿಟ್ಟು ಬರುವುದಿಲ್ಲ. ದಾರಿ ತಪ್ಪಿದರೆ ಮೊದಲು ಕೂತುಕೊಳ್ಳಬೇಕು, ನೀರು ಕುಡಿಯಬೇಕು, ಆಮೇಲೆ ಯೋಚನೆ ಮಾಡಬೇಕು. ಇದನ್ನು ಅಪ್ಪ ಬಾಯಿಬಿಟ್ಟು ಹೇಳಿಕೊಟ್ಟವರಲ್ಲ, ಮಾಡುತ್ತಿದ್ದರು, ನಾವು ನೋಡುತ್ತಿದ್ದೆವು. ಕೆಲಸದಲ್ಲಿ ದೊಡ್ಡ ಎಡವಟ್ಟಾದ ದಿನವೂ ನಾನು ಹಾಗೇ ಮಾಡಿದೆ. ಕೂತೆ, ನೀರು ಕುಡಿದೆ, ಆಮೇಲೆ ಫೋನ್ ಎತ್ತಿದೆ.

ಆದರೆ ಇದರ ಇನ್ನೊಂದು ಮಗ್ಗುಲು ನನಗೆ ತುಂಬಾ ತಡವಾಗಿ ಕಂಡಿತು.

ಒಮ್ಮೆ ನಮಗೆ ಭಾಷೆಯೇ ಬರದ ಒಂದು ಊರಿನಲ್ಲಿ ಕೊನೆಯ ಬಸ್ಸು ತಪ್ಪಿಹೋಯಿತು. ರಾತ್ರಿಯೆಲ್ಲ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಳೆದೆವು. ನಮ್ಮ ಮನೆಯಲ್ಲಿ ಇದು ದೊಡ್ಡ ಕತೆ. ಅಪ್ಪ ಇದನ್ನು ಮೂವತ್ತು ವರ್ಷದಿಂದ ಹೇಳುತ್ತಿದ್ದಾರೆ, ಬಂದವರಿಗೆಲ್ಲ ಹೇಳುತ್ತಾರೆ. ಲಾಟೀನು ಹಿಡಿದು ಬಂದ ಕಾವಲುಗಾರ, ಕೈಸನ್ನೆಯಲ್ಲೇ ಅವನ ಜೊತೆ ಒಂದು ಗಂಟೆ ಮಾತು, ಬೆಳಗಿನ ಜಾವ ಮಂಜು ಸರಿದು ಎದುರಿಗೇ ಎದ್ದು ನಿಂತ ಬೆಟ್ಟ. ಕೇಳಿ ಕೇಳಿ ನನಗೂ ಅದೇ ನೆನಪು. ಕೆಲವು ವರ್ಷದ ಹಿಂದೆ ನಾನೇ ಅದನ್ನು ಯಾರಿಗೋ ಹೇಳುತ್ತಿದ್ದೆ. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಅಮ್ಮ ತಲೆ ಎತ್ತದೆ ಅಂದಳು, "ನಾನು ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ನಿಮ್ಮಿಬ್ಬರ ಕಾಲನ್ನೂ ನನ್ನ ಸೆರಗಿಗೆ ಗಂಟು ಹಾಕಿಕೊಂಡು ಕೂತಿದ್ದೆ." ಅಷ್ಟೇ. ಮತ್ತೆ ಬಟ್ಟೆ ಮಡಚಿದಳು.

ಅಪ್ಪನ ಕತೆಯಲ್ಲಿ ಆ ಸೆರಗು ಯಾವತ್ತೂ ಬಂದಿರಲಿಲ್ಲ.

ತಿರುಗಾಟದ ಪ್ರೀತಿ ಮನೆಯಲ್ಲಿ ಒಬ್ಬರಿಗೆ ಇರುತ್ತೆ, ಅದರ ಭಾರ ಮಾತ್ರ ಎಲ್ಲರ ಹೆಗಲಿಗೂ ಬೀಳುತ್ತೆ. ಇಬ್ನ್ ಬತೂತನ ಬಗ್ಗೆ ಓದಿದಾಗ ನನಗೆ ಇದೇ ನೆನಪಾಯಿತು. 1325ರಲ್ಲಿ, 21ನೇ ವಯಸ್ಸಿಗೆ ಮೊರಾಕ್ಕೋದ ಟ್ಯಾಂಜಿಯರ್‌ನಿಂದ ಮೆಕ್ಕಾ ಯಾತ್ರೆಗೆ ಅಂತ ಒಬ್ಬನೇ ಹೊರಟವನು. ಯಾತ್ರೆ ಮುಗಿದರೂ ಕಾಲು ನಿಲ್ಲಲಿಲ್ಲ. ಪರ್ಷಿಯಾ, ಆಫ್ರಿಕಾದ ಪೂರ್ವ ಕರಾವಳಿ, ದೆಹಲಿ, ಮಾಲ್ಡೀವ್ಸ್ ಅಂತ ಸುತ್ತಿದ. ಎಲ್ಲರೂ ಅವನು ಹೋದ ದೂರ ಲೆಕ್ಕ ಹಾಕುತ್ತಾರೆ. ನನ್ನ ಮನಸ್ಸಿನಲ್ಲಿ ನಿಂತದ್ದು ವಾಪಸ್ ಬರುವ ದಾರಿ. 1348ರಲ್ಲಿ ಡಮಾಸ್ಕಸ್‌ಗೆ ಬಂದಾಗ ಅವನಿಗೆ ಗೊತ್ತಾಗುತ್ತೆ, ಅಪ್ಪ ತೀರಿಕೊಂಡು ಆಗಲೇ 15 ವರ್ಷವಾಗಿದೆ ಅಂತ. ಮುಂದಿನ ವರ್ಷ ಊರು ಹತ್ತಿರ ಬರುವಷ್ಟರಲ್ಲಿ ಅಮ್ಮನೂ ಇಲ್ಲ, ಕೆಲವೇ ತಿಂಗಳ ಹಿಂದೆ ಪ್ಲೇಗ್ ಬಂದು ಹೋಗಿಬಿಟ್ಟಿದ್ದಾಳೆ. ಕೆಲವೇ ತಿಂಗಳು! ಅಷ್ಟು ದೇಶ ನೋಡಿ ಬಂದವನು ಯಾರ ಮುಂದೆ ಕೂತು ಕತೆ ಹೇಳಬೇಕಿತ್ತೋ ಅವರೇ ಇಲ್ಲ. ಈ ಭಾಗ ಓದಿದ ರಾತ್ರಿ ಪುಸ್ತಕ ಮುಚ್ಚಿಟ್ಟು ಅಮ್ಮನಿಗೆ ಫೋನ್ ಮಾಡಿದೆ. ಏನಿಲ್ಲ ಸುಮ್ನೆ ಮಾಡಿದೆ ಅಂದೆ.

ಹೀಗಲ್ಲದೆಯೂ ಬದುಕಿದವರಿದ್ದಾರೆ. ಐರ್ಲೆಂಡಿನ ಡರ್ವ್ಲಾ ಮರ್ಫಿಗೆ ಹತ್ತನೇ ಹುಟ್ಟುಹಬ್ಬಕ್ಕೆ ಸಿಕ್ಕಿದ್ದು ಒಂದು ಸೈಕಲ್ಲು, ಒಂದು ಅಟ್ಲಾಸು. ಭಾರತದವರೆಗೂ ಸೈಕಲ್ಲಿನಲ್ಲೇ ಹೋಗಬೇಕು ಅಂತ ಆಗಲೇ ತೀರ್ಮಾನ ಮಾಡಿದರು. ಆದರೆ ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳೋಕೆ 14ನೇ ವಯಸ್ಸಿಗೆ ಶಾಲೆ ಬಿಟ್ಟು, ವರ್ಷಗಟ್ಟಲೆ ಮನೆಯಲ್ಲೇ ಉಳಿದರು. ಹೊರಟದ್ದು 1963ರಲ್ಲಿ, 31ನೇ ವಯಸ್ಸಿಗೆ. ಮುಂದೆ ಮಗಳು ಹುಟ್ಟಿದ ಮೇಲೆ ಕೆಲವು ವರ್ಷ ದೂರದ ಪ್ರಯಾಣ ನಿಲ್ಲಿಸಿ, ಅವಳಿಗೆ ಐದು ತುಂಬುವ ಹೊತ್ತಿಗೆ ಕರೆದುಕೊಂಡು ಹೊರಟು, ನಮ್ಮ ಕೊಡಗಿನಲ್ಲಿ ಬಂದು ಉಳಿದರು. ಮಗಳಿಗೆ ಒಂಬತ್ತು ವರ್ಷವಾದಾಗ ಒಂದು ಹೇಸರಗತ್ತೆ ಜೊತೆಗಿಟ್ಟುಕೊಂಡು ಪೆರುವಿನ ಆಂಡೀಸ್ ಬೆಟ್ಟಗಳಲ್ಲಿ ಸುಮಾರು 1,300 ಮೈಲಿ ನಡೆದರು. ಎಪ್ಪತ್ತು ದಾಟಿದ ಮೇಲೆ ಮಗಳು ಮತ್ತು ಮೂರು ಮೊಮ್ಮಕ್ಕಳ ಜೊತೆ ಕ್ಯೂಬಾಗೆ. ನನಗೆ ಇವರಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಹೋದದ್ದಕ್ಕಿಂತ ಆ ಕಾದ ವರ್ಷಗಳು. ಹೋಗಬೇಕು ಅನ್ನುವ ಆಸೆ ಸಾಯೋಕೆ ಬಿಡದೆ ಕಾಯುವುದು ಸುಲಭ ಅಲ್ಲ, ಅಲ್ವಾ?

ನಮ್ಮ ಮನೆಯಲ್ಲಿ ಅಪ್ಪನ ಪ್ರೀತಿ ಅಣ್ಣನನ್ನು ತುಂಬಾ ದೂರ ಕರೆದುಕೊಂಡು ಹೋಯಿತು. ಅವನೀಗ ಭೂಮಿಯ ಆಚೆ ಬದಿಯಲ್ಲಿದ್ದಾನೆ, ನಮಗಿಂತ ಸುಮಾರು ಹತ್ತು ಗಂಟೆ ಹಿಂದೆ. ಚಿಕ್ಕವರಿದ್ದಾಗ ಅಪ್ಪ ನಮಗೆ ಮೆಗೆಲನ್ ಹಡಗುಗಳ ಕತೆ ಹೇಳುತ್ತಿದ್ದರು. 1519ರಲ್ಲಿ ಸ್ಪೇನಿನಿಂದ ಐದು ಹಡಗು ಹೊರಟವು. 1522ರಲ್ಲಿ ಭೂಮಿ ಸುತ್ತಿ ತಿರುಗಿ ಬಂದದ್ದು ಒಂದೇ, ಅದರಲ್ಲಿದ್ದವರು 18 ಜನ. ಬರುವ ದಾರಿಯಲ್ಲಿ ಕೇಪ್ ವರ್ಡ್ ದ್ವೀಪದಲ್ಲಿ ಇವತ್ತು ಯಾವ ವಾರ ಅಂತ ಕೇಳಿದರೆ ಗುರುವಾರ ಅಂದರಂತೆ. ಹಡಗಿನವರ ಲೆಕ್ಕದಲ್ಲಿ ಬುಧವಾರ. ಪಿಗಫೆಟ್ಟಾ ಅನ್ನುವವನು ಒಂದು ದಿನವೂ ಬಿಡದೆ ದಿನಚರಿ ಬರೆದಿದ್ದ, ಆದರೂ ಒಂದು ದಿನ ಕಾಣೆ! ಪಶ್ಚಿಮಕ್ಕೇ ಹೋಗುತ್ತಾ ಹೋಗುತ್ತಾ ಅವರು ಒಂದು ಸೂರ್ಯೋದಯ ಕಡಿಮೆ ನೋಡಿದ್ದರು. ಅಣ್ಣ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಈಗ ಅಪ್ಪ ಫೋನಿನಲ್ಲಿ ಅವನನ್ನು ಕೇಳುವ ಮೊದಲ ಮಾತು, "ನಿಮ್ಮಲ್ಲಿ ಈಗ ಯಾವ ವಾರ?"

ಹೊರಡುವುದು ಒಳ್ಳೆಯದು ಅಂತ ಮಕ್ಕಳಿಗೆ ಕಲಿಸಿದರೆ ಮಕ್ಕಳು ಹೊರಟೇಬಿಡುತ್ತಾರೆ. ಅಪ್ಪ ಇದಕ್ಕೆ ಬೇಸರ ಮಾಡಿಕೊಂಡವರಲ್ಲ. ಆದರೆ ಅಣ್ಣ ಬಂದ ದಿನಗಳಲ್ಲಿ ನಾನು ನೋಡಿದ್ದೇನೆ. ದೂರ ಹಾರಿ ಬಂದ ಮೇಲೆ ದೇಹದ ಗಡಿಯಾರ ಹೊಸ ಊರಿನ ಹೊತ್ತಿನ ಕಡೆಗೆ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತೆ. ಅದರ ಒಂದು ಸುತ್ತು 24 ಗಂಟೆಗಿಂತ ಸ್ವಲ್ಪ ಉದ್ದ ಇರುವುದರಿಂದ, ಪಶ್ಚಿಮಕ್ಕೆ ಹೋದಾಗ ದಿನ ಹಿಗ್ಗಿದರೆ ತಡೆದುಕೊಳ್ಳುತ್ತೆ, ಪೂರ್ವಕ್ಕೆ ಹಾರಿ ಬಂದಾಗ ಕಷ್ಟಪಡುತ್ತೆ. ಹಾಗಾಗಿ ಅಣ್ಣನಿಗೆ ಬಂದ ಮೊದಲ ವಾರವೆಲ್ಲ ನಡುರಾತ್ರಿ ಎಚ್ಚರ. ಒಂದು ದಿನ ಮೂರು ಗಂಟೆಗೆ ನನಗೂ ಎಚ್ಚರವಾಗಿ ನೋಡಿದರೆ ಅಡುಗೆಮನೆಯಲ್ಲಿ ದೀಪ. ಅಪ್ಪ, ಅಣ್ಣ ನೆಲದ ಮೇಲೆ ಎದುರುಬದುರು ಕೂತು ಆ ಹಳೇ ಭೂಪಟ ಹರಡಿಕೊಂಡಿದ್ದಾರೆ. ಅಪ್ಪನಿಗೆ ಯಾವ ವಿಮಾನದ ಸುಸ್ತೂ ಇಲ್ಲ. ಮಗ ಎದ್ದಿರುವ ಹೊತ್ತಿಗೆ ತಾವೂ ಎದ್ದಿದ್ದಾರೆ. ನಾನು ಒಳಗೆ ಹೋಗಲಿಲ್ಲ.

ನನ್ನ ಗಂಡ ಮನೆಯಲ್ಲೇ ಇರೋಕೆ ಇಷ್ಟಪಡುವವರು. ಮದುವೆಯಾದ ಹೊಸದರಲ್ಲಿ ಇದಕ್ಕೆ ಜಗಳವೇ ಆಗುತ್ತಿತ್ತು. ಅದೂ ಅಲ್ಲದೆ ನಮ್ಮ ಮಗನಿಗೆ ಘಾಟಿ ಶುರುವಾದರೆ ಸಾಕು, ವಾಂತಿ. ಎರಡು ವರ್ಷದಿಂದ ಹನ್ನೆರಡರವರೆಗಿನ ಮಕ್ಕಳಿಗೆ ಇದು ಜಾಸ್ತಿ. ಕಿವಿಯ ಒಳಭಾಗ ಓಡುತ್ತಿದ್ದೇವೆ ಅನ್ನುತ್ತೆ, ಪುಸ್ತಕವನ್ನೋ ಮುಂದಿನ ಸೀಟನ್ನೋ ನೋಡುತ್ತಿರುವ ಕಣ್ಣು ಇಲ್ಲ ನಿಂತಿದ್ದೇವೆ ಅನ್ನುತ್ತೆ, ಮೆದುಳಿಗೆ ಗಲಿಬಿಲಿ. ದೂರದ ಬೆಟ್ಟವನ್ನೇ ದಿಟ್ಟಿಸು ಅಂತ ಅವನಿಗೆ ಹೇಳಿಕೊಟ್ಟವರು ನನ್ನ ಗಂಡ. ಅವನನ್ನು ತೊಡೆಯ ಪಕ್ಕ ಒತ್ತಿಕೊಂಡು, ತಿರುವಿಗೊಂದು ಸಲ "ಅಗೋ ಬೆಟ್ಟ ಎಲ್ಲಿ ಹೋಯ್ತು, ಅಗೋ ಬಂತು" ಅನ್ನುತ್ತಾ ಪೂರ್ತಿ ಘಾಟಿ ದಾಟಿಸಿದರು. ತಮಗೆ ಬೇಡವಾದ ಪ್ರಯಾಣದಲ್ಲಿ. ನಾನು ಕಿಟಕಿಯಾಚೆ ನೋಡುತ್ತಿದ್ದವಳು ಆಗ ತಿರುಗಿ ಅವರನ್ನು ನೋಡಿದೆ. ಅಮ್ಮನ ಸೆರಗು ನೆನಪಾಯಿತು. ಅಪ್ಪ ಮಾಡಿದ್ದನ್ನೇ ನಾನೂ ಮಾಡುತ್ತಿದ್ದೆ.

ಮನೆಗೆ ಬಂದ ಮೇಲೆ ಅಮ್ಮನಿಗೆ ಒಂದು ಪ್ರಶ್ನೆ ಕೇಳಿದೆ. ನಲವತ್ತು ವರ್ಷದಲ್ಲಿ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ನಿನಗೆ ಎಲ್ಲಿಗೆ ಹೋಗಬೇಕು ಅನ್ನಿಸುತ್ತೆ?

ಅಮ್ಮ ತುಂಬಾ ಹೊತ್ತು ಯೋಚಿಸಿದಳು. "ಒಂದೇ ಕಡೆ ಇರಬೇಕು. ಹತ್ತು ದಿನ. ಏನೂ ನೋಡಬಾರದು. ಚೀಲ ಒಂದೇ ಸಲ ಬಿಚ್ಚಬೇಕು, ಒಂದೇ ಸಲ ಕಟ್ಟಬೇಕು."

ಹಾಗೇ ಮಾಡಿದೆವು. ನಾವೆಲ್ಲ, ಅಣ್ಣನೂ ಬಂದ. ಬೆಟ್ಟದ ಬುಡದಲ್ಲಿ ಒಂದು ಚಿಕ್ಕ ಮನೆ, ಮುಂದೆ ಒಂದು ಹೊಳೆ. ಮೊದಲ ಎರಡು ದಿನ ಅಪ್ಪನಿಗೆ ಕೂತಲ್ಲಿ ಕೂರೋಕೆ ಆಗಲಿಲ್ಲ, ಅಂಗಳದ ಉದ್ದಕ್ಕೂ ನಡೆಯುತ್ತಿದ್ದರು. ಅಮ್ಮ ಮಾತ್ರ ಬೆಳಿಗ್ಗೆ ಹೊಳೆಯ ಹತ್ತಿರ ಒಂದು ಬಂಡೆಯ ಮೇಲೆ ಕೂತರೆ ಮುಗಿಯಿತು. ಮೂರನೇ ದಿನಕ್ಕೆ ಅವಳಿಗೆ ಗೊತ್ತಾಗಿತ್ತು, ಮಿಂಚುಳ್ಳಿ ಎಷ್ಟು ಹೊತ್ತಿಗೆ ಬರುತ್ತೆ, ಯಾವ ಕೊಂಬೆಯ ಮೇಲೆ ಕೂರುತ್ತೆ ಅಂತ. ಐದನೇ ದಿನ ಅಪ್ಪನೂ ಹೋಗಿ ಪಕ್ಕದಲ್ಲಿ ಕೂತರು. ಅಮ್ಮ ತುಟಿಯ ಮೇಲೆ ಬೆರಳಿಟ್ಟು ಕೊಂಬೆ ತೋರಿಸಿದಳು. ಹಕ್ಕಿ ನೀರಿಗೆ ಬಿದ್ದು ಎದ್ದಾಗ ಅಪ್ಪ ಅಮ್ಮನ ಕೈ ಹಿಡಿದುಕೊಂಡದ್ದನ್ನು ನಾನು ಜಗಲಿಯಿಂದ ನೋಡಿದೆ. ಅಷ್ಟು ಊರು ಸುತ್ತುವಾಗ ಒಮ್ಮೆಯೂ ನೋಡಿರಲಿಲ್ಲ. ಅಮ್ಮನ ಕೈಯಲ್ಲಿ ಯಾವಾಗಲೂ ಚೀಲ ಇರುತ್ತಿತ್ತು.

ಹೊರಡುವ ದಿನ ಮಗ ಕೇಳಿದ, ಅಜ್ಜಿ, ಈ ಬೆಟ್ಟದ ಹಿಂದೆ ಏನಿದೆ? ಅಮ್ಮ, "ಇರಲಿ ಬಿಡು ಮರಿ, ಅದು ಅಲ್ಲೇ ಇರುತ್ತೆ" ಅಂದಳು. ಅಲ್ಲಿ ಏನಿದೆ ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪ ಭೂಪಟದಲ್ಲಿ ಅಲ್ಲಿಗೆ ಗೆರೆ ಎಳೆದಿಲ್ಲ. ಹೊಳೆ ಇರುವ ಕಡೆ ಒಂದು ಕೆಂಪು ಚುಕ್ಕೆ ಇಟ್ಟು, ಪಕ್ಕದಲ್ಲಿ ಚಿಕ್ಕದಾಗಿ ಬರೆದಿದ್ದಾರೆ, ಹತ್ತು ದಿನ.