ತಡೆಯನ್ನೇ ತಡೆಯುವ ಪ್ರೋಟೀನ್

ಕಳೆದ ತಿಂಗಳು ಅಕ್ಕನ ಮಗ ತನ್ನ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ರಬ್ಬರ್ ಬಿರಡೆಯ ಪುಟ್ಟ ಗಾಜಿನ ಶೀಸೆ, ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ, ಮೇಲೆ ಅಂಟಿಸಿದ ಚೀಟಿಯಲ್ಲಿ ‘ಫಾಲಿಸ್ಟಾಟಿನ್ 344’ ಎಂಬ ಮುದ್ರಣ. ‘ಮಾವ, ಇದನ್ನು ಚುಚ್ಚಿಕೊಂಡರೆ ಸ್ನಾಯು ಬೆಳೆಯುತ್ತದಂತೆ, ನಿಜವಾ?’ ಎಂದು ಕೇಳಿದ. ಶರೀರಕ್ರಿಯಾಶಾಸ್ತ್ರವನ್ನು ವರ್ಷಗಳ ಕಾಲ ಓದಿಕೊಂಡು ಬಂದಿದ್ದರೂ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ನನಗೆ ಮನಸ್ಸಾಗಲಿಲ್ಲ. ಅವನಿಗೆ ಅಂದು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಆ ಸಂಖ್ಯೆಯ ವಿಷಯ. ಜೀವಕೋಶ ಈ ಪ್ರೋಟೀನನ್ನು ಹೆಣೆಯುವಾಗ ಅದರಲ್ಲಿ 344 ಅಮೈನೋ ಆಮ್ಲಗಳಿರುತ್ತವೆ. ಅವುಗಳಲ್ಲಿ ಮೊದಲ 29, ಪ್ರೋಟೀನು ಕೋಶದಿಂದ ಹೊರಹೋಗಬೇಕೆಂದು ಸೂಚಿಸುವ ವಿಳಾಸವಷ್ಟೇ. ಕೆಲಸ ಮುಗಿದೊಡನೆ ಅವು ಕತ್ತರಿಸಿಹೋಗಿ 315 ಉಳಿಯುತ್ತವೆ, ರಕ್ತದಲ್ಲಿ ಸಂಚರಿಸುವುದು ಮುಖ್ಯವಾಗಿ ಈ ರೂಪ. ಅದೇ ವಂಶವಾಹಿಯಿಂದ ಹುಟ್ಟುವ 288ರ ಇನ್ನೊಂದು ರೂಪ ಜೀವಕೋಶಗಳ ಮೇಲ್ಮೈಗೆ ಅಂಟಿಕೊಂಡು, ಹುಟ್ಟಿದ ಜಾಗದ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ.

ಇದು ಮೊದಲು ಸಿಕ್ಕಿದ್ದು ಸ್ನಾಯುವಿನಲ್ಲಲ್ಲ. 1987ರಲ್ಲಿ ಹಂದಿ ಮತ್ತು ಹಸುವಿನ ಅಂಡಾಶಯದ ಕೋಶಿಕೆಗಳಲ್ಲಿರುವ ದ್ರವದಿಂದ ಇದನ್ನು ಬೇರ್ಪಡಿಸಿದ ವಿಜ್ಞಾನಿಗಳು, ಪಿಟ್ಯುಟರಿ ಗ್ರಂಥಿಯು ಸ್ರವಿಸುವ ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಇದು ತಗ್ಗಿಸುತ್ತದೆಂದು ಕಂಡುಕೊಂಡರು. ಹೆಸರು ಬಂದದ್ದೂ ಅಲ್ಲಿಂದಲೇ. ಅದು ಹೇಗೆ ತಗ್ಗಿಸುತ್ತದೆಂಬುದು 1990ರಲ್ಲಿ ತಿಳಿಯಿತು. ಎಫ್‌ಎಸ್‌ಎಚ್ ಸ್ರಾವವನ್ನು ಹೆಚ್ಚಿಸುವ ಆಕ್ಟಿವಿನ್ ಎಂಬ ಪ್ರೋಟೀನನ್ನು ಫಾಲಿಸ್ಟಾಟಿನ್ ಹಿಡಿದುಬಿಡುತ್ತದೆ. ಎರಡು ಫಾಲಿಸ್ಟಾಟಿನ್ ಅಣುಗಳು ಒಂದು ಆಕ್ಟಿವಿನ್ ಅಣುವನ್ನು ಎರಡೂ ಬದಿಯಿಂದ ತಬ್ಬಿ, ಅದು ಜೀವಕೋಶಗಳ ಮೇಲಿದ್ದು ಸಂದೇಶ ಪಡೆಯುವ ಗ್ರಾಹಕಗಳಿಗೆ ಕೂಡಿಕೊಳ್ಳಬೇಕಾದ ಜಾಗಗಳನ್ನೇ ಮುಚ್ಚುತ್ತವೆ. ಈ ಹಿಡಿತ ಎಷ್ಟು ಬಿಗಿಯೆಂದರೆ, ಒಮ್ಮೆ ಸಿಕ್ಕ ಆಕ್ಟಿವಿನ್ ಬಿಡಿಸಿಕೊಂಡು ಬರುವುದು ಇಲ್ಲವೆನ್ನುವಷ್ಟು ಅಪರೂಪ. ನನ್ನ ಮಟ್ಟಿಗೆ ಇಡೀ ಕಥೆಯ ಕೀಲಿಕೈ ಇದೇ: ಫಾಲಿಸ್ಟಾಟಿನ್ ಏನು ಮಾಡುತ್ತದೆಂಬುದು, ಆ ಜಾಗದಲ್ಲಿ, ಆ ಹೊತ್ತಿನಲ್ಲಿ ಅದರ ಕೈಗೆ ಯಾವುದು ಸಿಕ್ಕಿತು ಎಂಬುದರ ಮೇಲೆ ನಿಂತಿದೆ.

ಸ್ನಾಯುವಿನಲ್ಲಿ ಸಿಗುವುದು ಆಕ್ಟಿವಿನ್ ಜೊತೆಗೆ ಅದರ ದಾಯಾದಿಯಾದ ಮಯೊಸ್ಟಾಟಿನ್. ಸ್ನಾಯು ಅಳತೆ ಮೀರದಂತೆ ನೋಡಿಕೊಳ್ಳುವ ಈ ಪ್ರೋಟೀನ್ ಗುರುತಾದದ್ದು 1997ರಲ್ಲಿ. ಬೆಲ್ಜಿಯನ್ ಬ್ಲೂ ತಳಿಯ ದನಗಳ ಉಬ್ಬಿದ ತೊಡೆಗಳಿಗೆ ಅದರ ವಂಶವಾಹಿಯಲ್ಲಿನ ದೋಷವೇ ಕಾರಣವೆಂದು ಆಗಲೇ ತಿಳಿಯಿತು. ಮಯೊಸ್ಟಾಟಿನ್ ಇಲ್ಲದ ಇಲಿಗಳಲ್ಲಿ ಸ್ನಾಯು ಸುಮಾರು ಎರಡು ಪಟ್ಟಾದರೆ, ಅವುಗಳಿಗೇ ಹೆಚ್ಚುವರಿ ಫಾಲಿಸ್ಟಾಟಿನ್ ಕೊಟ್ಟಾಗ ನಾಲ್ಕು ಪಟ್ಟಾಯಿತೆಂದು 2007ರಲ್ಲಿ ವರದಿಯಾಯಿತು. ಶೀಸೆ ಮಾರುವವರು ಹೇಳುವುದು ಈ ಇಲಿಗಳ ಕಥೆಯನ್ನು. ಅವರು ಹೇಳದೆ ಬಿಡುವ ಇಲಿಗಳು 1995ರವು. ಫಾಲಿಸ್ಟಾಟಿನ್ ಪೂರ್ತಿ ಇಲ್ಲದೆ ಹುಟ್ಟಿದ ಆ ಮರಿಗಳಲ್ಲಿ ವಪೆ ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಬಡಕಲಾಗಿದ್ದವು, ಚರ್ಮ ಬಿಗಿದು ಹೊಳೆಯುತ್ತಿತ್ತು. ಉಸಿರೆಳೆದುಕೊಳ್ಳಲಾರದೆ ಅವು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಸತ್ತವು. ಅಂಡಾಶಯದ ದ್ರವದಲ್ಲಿ ಸಿಕ್ಕ ಒಂದು ಪ್ರೋಟೀನಿಲ್ಲದೆ ಮೊದಲ ಉಸಿರೇ ಸಾಗದು ಎಂಬುದನ್ನು ಓದಿದಾಗ ನಾನು ಪುಟ ಮಗುಚದೆ ಸ್ವಲ್ಪ ಹೊತ್ತು ಕುಳಿತಿದ್ದೆ.

ಚಿಕಿತ್ಸೆಯ ಪ್ರಯತ್ನಗಳೂ ನಡೆದಿವೆ. ಬೆಕರ್ ಸ್ನಾಯುಕ್ಷಯವಿದ್ದ ಆರು ಮಂದಿಯ ತೊಡೆಗಳಿಗೆ, ನಿರುಪದ್ರವಿ ವೈರಸ್ಸೊಂದರ ಮೂಲಕ ಫಾಲಿಸ್ಟಾಟಿನ್ ವಂಶವಾಹಿಯನ್ನು ಸೇರಿಸಿದ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಆರು ನಿಮಿಷದ ನಡಿಗೆಯಲ್ಲಿ ನಾಲ್ವರು ಮೊದಲಿಗಿಂತ ಹೆಚ್ಚು ದೂರ ನಡೆದರು, ಇಬ್ಬರಲ್ಲಿ ಸುಧಾರಣೆ ಕಾಣಲಿಲ್ಲ. ಆರೇ ಮಂದಿಯ ಈ ಪರೀಕ್ಷೆಯಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು; ಆದರೂ ನೂರಿಪ್ಪತ್ತು ಮೀಟರಿಗಿಂತ ಹೆಚ್ಚು ದೂರ ಗಳಿಸಿದ ಒಬ್ಬರಿಗೆ ಅದು ಸಣ್ಣ ಸಂಗತಿಯಲ್ಲ. ಇದೇ ಬಳಗದ ಪ್ರೋಟೀನುಗಳನ್ನು ದೇಹದಾದ್ಯಂತ ಹಿಡಿದುಹಾಕುವ ಬೇರೊಂದು ಔಷಧವನ್ನು ಡುಶೇನ್ ಸ್ನಾಯುಕ್ಷಯದ ಹುಡುಗರಲ್ಲಿ ಪರೀಕ್ಷಿಸಿದಾಗ ಮೂಗು, ವಸಡುಗಳಲ್ಲಿ ರಕ್ತ ಒಸರಿ, ಚರ್ಮದ ಸಣ್ಣ ರಕ್ತನಾಳಗಳು ಹಿಗ್ಗಿದ್ದರಿಂದ ಆ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು.

ಅಂಗಾಂಶ ಮತ್ತೆ ಬೆಳೆಯುವುದರಲ್ಲಿ ಇದರ ಪಾತ್ರ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುತ್ತದೆ. ಪ್ಲನೇರಿಯನ್ ಎಂಬ ಚಪ್ಪಟೆ ಹುಳುವಿನ ತಲೆ ಕತ್ತರಿಸಿದರೆ ಕೆಲವೇ ದಿನಗಳಲ್ಲಿ ಹೊಸ ತಲೆ, ಹೊಸ ಕಣ್ಣುಗಳು ಬರುತ್ತವೆ. ಅದರಲ್ಲಿ ಫಾಲಿಸ್ಟಾಟಿನ್ ವಂಶವಾಹಿಯನ್ನು ಸುಮ್ಮನಾಗಿಸಿದಾಗ ಗಾಯವೇನೋ ಮುಚ್ಚುತ್ತದೆ, ಹಳೆಯ ಕೋಶಗಳ ಬದಲಿಗೆ ಹೊಸವು ಬರುವ ನಿತ್ಯದ ಕೆಲಸವೂ ನಡೆಯುತ್ತದೆ, ತಲೆ ಮಾತ್ರ ಬರುವುದಿಲ್ಲ. ಆಕ್ಟಿವಿನ್ನನ್ನೂ ಜೊತೆಗೇ ಸುಮ್ಮನಾಗಿಸಿದರೆ ತಲೆ ಮತ್ತೆ ಮೂಡುತ್ತದೆ. 2013ರಲ್ಲಿ ಪ್ರಕಟವಾದ ಈ ಫಲಿತಾಂಶದಷ್ಟು ಸ್ಪಷ್ಟವಾಗಿ ಫಾಲಿಸ್ಟಾಟಿನ್‌ನ ಸ್ವಭಾವವನ್ನು ತೋರಿಸಿದ್ದು ಮತ್ತೊಂದಿಲ್ಲವೆಂದು ನನಗನಿಸುತ್ತದೆ. ಯಕೃತ್ತಿನ ಹೆಚ್ಚುಪಾಲನ್ನು ತೆಗೆದ ಇಲಿಗಳಿಗೆ ಫಾಲಿಸ್ಟಾಟಿನ್ ಕೊಟ್ಟಾಗ ಉಳಿದ ಭಾಗ ಬೇಗ ಬೆಳೆದದ್ದಕ್ಕೂ ಕಾರಣ ಇದೇ, ಅಲ್ಲಿನ ಕೋಶಗಳ ವಿಭಜನೆಗೆ ಆಕ್ಟಿವಿನ್ ಅಡ್ಡಿಯಾಗಿರುತ್ತದೆ. ಚರ್ಮದ ಲೆಕ್ಕ ಮಾತ್ರ ಬೇರೆ. ಗಾಯ ಮಾಯಲು ಅಲ್ಲಿ ಆಕ್ಟಿವಿನ್ ಬೇಕು. ಹಾಗಾಗಿ ಚರ್ಮದಲ್ಲಿ ಫಾಲಿಸ್ಟಾಟಿನ್ ಹೆಚ್ಚಿಸಿದ ಇಲಿಗಳಲ್ಲಿ ಗಾಯ ಮಾಯುವುದು ತಡವಾಯಿತು, ಆದರೆ ಉಳಿದ ಕಲೆ ಚಿಕ್ಕದಾಗಿತ್ತು.

ಇಷ್ಟನ್ನೂ ಕೇಳಿ ಹುಡುಗ, ‘ಹಾಗಾದರೆ ನನ್ನ ಮೈಯಲ್ಲಿ ಇದು ಈಗಲೂ ಇದೆಯಾ?’ ಎಂದ. ಇದೆ. ಓಡಿ ಬಂದು, ಸ್ನಾನ ಮುಗಿಸಿ ಕುಳಿತ ಮೇಲೆ, ಮುಂದಿನ ಕೆಲವು ಗಂಟೆಗಳಲ್ಲಿ ಅವನ ಯಕೃತ್ತೇ ಅದನ್ನು ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್‌ಗೆ ಹೋಲಿಸಿದರೆ, ರಕ್ತದ ಸಕ್ಕರೆಯನ್ನು ಏರಿಸುವ ಗ್ಲುಕಗಾನ್ ಎಂಬ ಹಾರ್ಮೋನಿನ ಪಾಲು ಮೇಲಾದಾಗ ಯಕೃತ್ತಿಗೆ ಆ ಸೂಚನೆ ಸಿಗುತ್ತದೆ. ಮಟ್ಟ ಏರಿ, ಮತ್ತೆ ಇಳಿಯುತ್ತದೆ. ಟೈಪ್ 2 ಮಧುಮೇಹ ಇರುವವರ ರಕ್ತದಲ್ಲಿ ಅದು ಸದಾ ಹೆಚ್ಚಿರುವುದು ಕಂಡುಬಂದಿದೆ. ವರ್ಷಗಟ್ಟಲೆ ಜನರನ್ನು ಗಮನಿಸಿದ ಅಧ್ಯಯನಗಳಲ್ಲಿ, ಮಟ್ಟ ಹೆಚ್ಚಿದ್ದವರಿಗೆ ಮುಂದೆ ಆ ಕಾಯಿಲೆ ಬರುವ ಸಂಭವವೂ ಹೆಚ್ಚಿತ್ತು.

ಕ್ರೀಡಾಪಟುಗಳು ಇದನ್ನು ತೆಗೆದುಕೊಳ್ಳುವುದನ್ನು, ಉದ್ದೀಪನ ಮದ್ದು ತಡೆಯುವ ಅಂತರರಾಷ್ಟ್ರೀಯ ಸಂಸ್ಥೆಯಾದ ವಾಡಾ ನಿಷೇಧಿಸಿದೆಯೆಂದೂ, ಆ ಪುಡಿಯಲ್ಲಿ ನಿಜಕ್ಕೂ ಏನಿದೆಯೆಂದು ಪರೀಕ್ಷಿಸಿದವರು ಯಾರೆಂದು ಮಾರುವವನನ್ನೇ ಕೇಳಬೇಕೆಂದೂ ಹೇಳಿದೆ. ಅವನು ಇನ್ನೂ ಹಣ ಕಳಿಸಿರಲಿಲ್ಲ. ಫೋನನ್ನು ಜೇಬಿಗಿಟ್ಟು, ಆ ಹುಳುವಿಗೆ ತಲೆ ಬರಲು ಎಷ್ಟು ದಿನ ಬೇಕೆಂದು ಮತ್ತೊಮ್ಮೆ ಕೇಳಿದ.